ಹಿಂದುಳಿದಿರುವಿಕೆಯ ಅಳತೆ: ಅರ್ಥಶಾಸ್ತ್ರ ಹಾಗೂ ಸಂಖ್ಯಾಶಾಸ್ತ್ರಗಳ ಸಂವಾದ

ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರಗಳು ಒಂದೇ ಮನೆಯಲ್ಲಿ ಬೆಳೆದ ಎರಡು ವಿದ್ಯೆಗಳೆಂದು ಹೇಳಬಹುದು. ಒಂದು ಪ್ರದೇಶದ ಜನ ಏಕೆ ಬಡವರಾಗಿ ಉಳಿದರು ಎಂದು ಅರ್ಥಶಾಸ್ತ್ರಜ್ಞನು ಕೇಳುತ್ತಾನೆ. ಅವರು ಬಡವರೆಂಬುದು ಹೇಗೆ ತಿಳಿದುಬಂದಿತು, ಎಷ್ಟು ಮಂದಿಯನ್ನು ಕೇಳಲಾಯಿತು, ಕೇಳಿದವರು ಯಾರು ಎಂದು ಸಂಖ್ಯಾಶಾಸ್ತ್ರಜ್ಞನು ಮರುಪ್ರಶ್ನೆ ಹಾಕುತ್ತಾನೆ. ಮೊದಲನೆಯವನಿಲ್ಲದಿದ್ದರೆ ಅಂಕಿಗಳು ಅರ್ಥವಿಲ್ಲದ ರಾಶಿಯಾಗುತ್ತವೆ. ಎರಡನೆಯವನಿಲ್ಲದಿದ್ದರೆ ಅರ್ಥವು ಆಧಾರವಿಲ್ಲದ ಮಾತಾಗುತ್ತದೆ. ಇವರಿಬ್ಬರ ನಡುವಿನ ವಾದ-ಸಂವಾದಗಳು ಪಂಡಿತರ ಕೊಠಡಿಯೊಳಗಿನ ವಿಷಯವೆಂದು ಸಾಮಾನ್ಯರು ಭಾವಿಸುವುದುಂಟು. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಜನರಿಗೆ ಈ ಸಂವಾದವು ತಮ್ಮ ಊರಿನ ರಸ್ತೆ, ಶಾಲೆ, ದವಾಖಾನೆಗಳಿಗೆ ನೇರವಾಗಿ ಸಂಬಂಧಿಸಿದ್ದು. ಏಕೆಂದರೆ ಈ ತಾಲೂಕುಗಳಿಗೆ ಎಷ್ಟು ಹಣ ಬರಬೇಕು ಎಂಬುದನ್ನು ಕಳೆದ ಎರಡು ದಶಕಗಳಲ್ಲಿ ಬಹುಮಟ್ಟಿಗೆ ನಿರ್ಧರಿಸಿದ್ದು ಒಂದು ಸೂಚ್ಯಂಕ. ಆ ಅಂಕಿ ಹೇಗೆ ಹುಟ್ಟಿತು, ಅದರಲ್ಲಿ ಏನು ಅಡಗಿದೆ, ಅದನ್ನು ಹೇಗೆ ಪ್ರಶ್ನಿಸಬೇಕು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಮಾನ್ಯಖೇಟದ ಗಣಿತ

ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತೆಂಬುದು ಸರ್ವವಿದಿತ. ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಸ್ಮರಿಸುವಾಗ ಕನ್ನಡಿಗರು ಸಹಜವಾಗಿಯೇ ‘ಕವಿರಾಜಮಾರ್ಗ’ವನ್ನು ನೆನೆಯುತ್ತಾರೆ. ಅದೇ ದೊರೆಯ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಗ್ರಂಥದ ಆರಂಭದಲ್ಲಿಯೇ ಆತನು ಅಮೋಘವರ್ಷನನ್ನು ಸ್ತುತಿಸಿದ್ದಾನೆ. ಲೌಕಿಕ ವ್ಯವಹಾರವೆಲ್ಲಕ್ಕೂ ಲೆಕ್ಕವೇ ಆಧಾರವೆಂಬ ಭಾವವನ್ನು ವಿಸ್ತಾರವಾಗಿ ಹೇಳಿದ್ದಾನೆ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ವಿದ್ವತ್‌ಪ್ರಪಂಚವು ಇದರತ್ತ ಕಣ್ಣು ಹಾಯಿಸಿತು.

ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ ಭಾಗವೆಂದರೆ ‘ಖಾತವ್ಯವಹಾರ’, ಅಂದರೆ ಅಗೆದ ಗುಂಡಿಗಳ ಲೆಕ್ಕ. ಬಾವಿ, ಕೆರೆ, ಕಂದಕಗಳ ಆಳ ಎಲ್ಲೆಡೆಯೂ ಒಂದೇ ಸಮನಾಗಿರುವುದಿಲ್ಲ. ಎಷ್ಟು ಮಣ್ಣು ಹೊರಬಿತ್ತು, ಅಗೆದವರಿಗೆ ಎಷ್ಟು ಕೂಲಿ ಸಲ್ಲಬೇಕು ಎಂದು ತಿಳಿಯಬೇಕಾದರೆ ಹಲವು ಕಡೆ ಆಳವನ್ನು ಅಳೆದು, ಕೂಡಿಸಿ, ಅಳತೆಗಳ ಸಂಖ್ಯೆಯಿಂದ ಭಾಗಿಸಬೇಕು. ಇದಕ್ಕೆ ಬ್ರಹ್ಮಗುಪ್ತನು ‘ಸಮರಜ್ಜು’ ಎಂದೂ, ಮಹಾವೀರಾಚಾರ್ಯನು ‘ಸಮೀಕರಣ’ ಎಂದೂ, ಮುಂದೆ ಭಾಸ್ಕರಾಚಾರ್ಯನು ‘ಸಮಮಿತಿ’ ಎಂದೂ ಕರೆದರು. ಇಂದಿನ ಶಾಲಾ ಮಕ್ಕಳು ಕಲಿಯುವ ಸರಾಸರಿ ಇದೇ. ಏರುಪೇರುಗಳನ್ನು ಸಮಮಾಡುವುದು ಎಂಬ ಅರ್ಥವು ಆ ಹಳೆಯ ಹೆಸರುಗಳಲ್ಲಿಯೇ ಅಡಕವಾಗಿದೆ.

ಶಹಾಬಾದ ಕಲ್ಲಿನ ಗಣಿಗಳನ್ನು ಕಂಡವರಿಗೆ ಈ ಲೆಕ್ಕದ ಮರ್ಮ ಬೇಗ ಮನಸ್ಸಿಗೆ ಹಿಡಿಯುತ್ತದೆ. ಒಂದು ಗುಂಡಿಯ ಆಳವು ಮೂರು ಕಡೆ ಕ್ರಮವಾಗಿ 2, 3 ಮತ್ತು 7 ಮೊಳ ಇದೆಯೆಂದು ಕಲ್ಪಿಸಿಕೊಳ್ಳೋಣ. ಸರಾಸರಿ ಆಳ 4 ಮೊಳ. ಹೊರತೆಗೆದ ಕಲ್ಲು-ಮಣ್ಣಿನ ಲೆಕ್ಕಕ್ಕೆ ಈ 4 ಸಾಕು. ಅದು ಪೂರ್ತಿ ಸರಿಯಾದ ಉತ್ತರ. ಆದರೆ ಮಳೆನೀರು ತುಂಬಿದ ಆ ಗುಂಡಿಯನ್ನು ದಾಟಬೇಕಾದ ಈಜು ಬಾರದ ಹುಡುಗನಿಗೆ 4 ಎಂಬ ಉತ್ತರವು ಪ್ರಾಣಾಂತಿಕ. ಅವನಿಗೆ ಬೇಕಾದದ್ದು 7. ಅಂಕಿಯು ಎರಡೂ ಸಂದರ್ಭಗಳಲ್ಲಿ ಅದೇ ಆಗಿದ್ದರೂ ಪ್ರಶ್ನೆ ಬದಲಾಯಿತು. ಸರಾಸರಿಯು ಸತ್ಯವೋ ಸುಳ್ಳೋ ಎಂದು ಕೇಳುವ ಮೊದಲು, ಅದು ಯಾವ ಪ್ರಶ್ನೆಗೆ ಉತ್ತರವಾಗಿ ಬಂದಿದೆ ಎಂದು ಕೇಳಬೇಕು. ಈ ಒಂದು ಪಾಠವನ್ನು ಮನಗಂಡರೆ ಮುಂದಿನ ವಿವೇಚನೆಯೆಲ್ಲ ಸುಲಭವಾಗುತ್ತದೆ.

ಚರ್ಚೆಯ ಪರಂಪರೆ

ಆಧುನಿಕ ಭಾರತದಲ್ಲಿ ಈ ಎರಡು ಶಾಸ್ತ್ರಗಳ ವಿದ್ವಾಂಸರು ಒಂದೆಡೆ ಸೇರಿ ವಾದಿಸುವ ವೇದಿಕೆಗಳು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರೂಪುಗೊಂಡವು. ಭಾರತೀಯ ಅರ್ಥಶಾಸ್ತ್ರ ಸಂಘವು 1917ರಲ್ಲಿ ಸ್ಥಾಪನೆಯಾಯಿತು. ಪ್ರಶಾಂತಚಂದ್ರ ಮಹಲನೋಬಿಸರು 1931ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಹುಟ್ಟುಹಾಕಿ, 1933ರಲ್ಲಿ ‘ಸಾಂಖ್ಯ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಕಲ್ಯಾಣ ಕರ್ನಾಟಕದ ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಆ ಸಂಸ್ಥೆಯಲ್ಲಿಯೇ ದುಡಿದು, 1945ರ ತಮ್ಮ ಒಂದು ಪ್ರಬಂಧದಿಂದ ಲೋಕಪ್ರಸಿದ್ಧರಾದರು. 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಗೆ ಪಾತ್ರರಾಗಿ ಅದೇ ವರ್ಷ ತೀರಿಕೊಂಡರು. ಅರ್ಥಶಾಸ್ತ್ರದ ಕಡೆಯಿಂದ 1949ರಲ್ಲಿ ಮುಂಬಯಿಯಲ್ಲಿ ‘ಇಕನಾಮಿಕ್ ವೀಕ್ಲಿ’ ಹುಟ್ಟಿತು. ಅದರ ಉತ್ತರಾಧಿಕಾರಿಯಾಗಿ 1966ರಲ್ಲಿ ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಬಂದಿತು. ಡಾ. ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು.

ಗುಲಬರ್ಗಾ ಜಿಲ್ಲೆಯು ಆಗ ಹೈದರಾಬಾದ ಸಂಸ್ಥಾನದ ಅಂಗವಾಗಿತ್ತು. ಆ ಸಂಸ್ಥಾನದಲ್ಲಿಯೂ ಅಂಕಿ ಸಂಗ್ರಹದ ಪ್ರಯತ್ನಗಳು ನಡೆಯದೆ ಇರಲಿಲ್ಲ. ಅರ್ಥಶಾಸ್ತ್ರಜ್ಞ ಎಸ್. ಕೇಶವ ಅಯ್ಯಂಗಾರರು 1929-30ರಲ್ಲಿ ಸಂಸ್ಥಾನದ ಹಳ್ಳಿಗಳ ಆರ್ಥಿಕ ಸ್ಥಿತಿಯನ್ನು ಕುರಿತು ತನಿಖೆ ನಡೆಸಿ ಹಲವು ಸಂಪುಟಗಳನ್ನು ಹೊರತಂದರು; 1949-51ರಲ್ಲಿ ಮತ್ತೊಮ್ಮೆ ಗ್ರಾಮೀಣ ತನಿಖೆಯನ್ನು ಕೈಗೊಂಡರು. ದಫ್ತರಿನಲ್ಲಿ ಕುಳಿತು ಅಂದಾಜು ಮಾಡುವುದಕ್ಕಿಂತ ಹಳ್ಳಿಗೆ ಹೋಗಿ ಮನೆಮನೆಯ ಸಾಲ, ಜಮೀನು, ದನಕರುಗಳ ವಿವರ ಕೇಳುವುದು ಮೇಲೆಂಬ ಪದ್ಧತಿಯನ್ನು ಈ ಪ್ರದೇಶಕ್ಕೆ ಪರಿಚಯಿಸಿದವರಲ್ಲಿ ಅವರು ಪ್ರಮುಖರು.

ವಿದ್ವಾಂಸರ ವಾದವು ರೈತನ ಕಣದವರೆಗೆ ಹೇಗೆ ತಲಪುತ್ತದೆ ಎಂಬುದಕ್ಕೆ ಒಂದು ನಿದರ್ಶನವನ್ನು ಇಲ್ಲಿ ವಿವರವಾಗಿ ನೋಡತಕ್ಕದ್ದು. 1940ರ ದಶಕದಲ್ಲಿ ಮಹಲನೋಬಿಸರಿಗೂ ಪಿ. ವಿ. ಸುಖಾತ್ಮೆಯವರಿಗೂ ಬೆಳೆಯ ಇಳುವರಿಯನ್ನು ಅಂದಾಜು ಮಾಡುವ ಕ್ರಮದ ಬಗೆಗೆ ತೀವ್ರ ಭಿನ್ನಾಭಿಪ್ರಾಯ ಉಂಟಾಯಿತು. ಹೊಲದೊಳಗೆ ಒಂದು ಚಿಕ್ಕ ತುಣುಕನ್ನು ಗುರುತಿಸಿ, ಅಲ್ಲಿನ ಪೈರನ್ನು ಕೊಯ್ದು ತೂಗಿ, ಅದರಿಂದ ಇಡೀ ಪ್ರದೇಶದ ಇಳುವರಿಯನ್ನು ಲೆಕ್ಕ ಹಾಕುವ ಕ್ರಮಕ್ಕೆ ಬೆಳೆ ಕಟಾವು ಪ್ರಯೋಗವೆಂದು ಹೆಸರು. ಅತಿ ಚಿಕ್ಕ ತುಣುಕುಗಳನ್ನು ಹೆಚ್ಚು ಸಂಖ್ಯೆಯಲ್ಲಿ ಕೊಯ್ಯುವುದು ಮಿತವ್ಯಯಕರವೆಂಬುದು ಮಹಲನೋಬಿಸರ ಪಕ್ಷ. ತುಣುಕು ಚಿಕ್ಕದಾದಷ್ಟೂ ಅಂಚಿನ ಗಿಡಗಳನ್ನು ಒಳಗೆ ಸೇರಿಸಿಕೊಳ್ಳುವ ತಪ್ಪು ಹೆಚ್ಚಿ, ಇಳುವರಿಯು ಇದ್ದುದಕ್ಕಿಂತ ಅಧಿಕವಾಗಿ ಕಾಣುತ್ತದೆಂಬುದು ಸುಖಾತ್ಮೆಯವರ ಆಕ್ಷೇಪ. 1946ರಲ್ಲಿ ಈ ವಾದವು ‘ನೇಚರ್’ ಪತ್ರಿಕೆಯ ಪುಟಗಳನ್ನೂ ಏರಿತು.

ಆಕ್ಷೇಪದ ತಿರುಳನ್ನು ಎಂಟನೆಯ ತರಗತಿಯ ವಿದ್ಯಾರ್ಥಿಯೂ ಗ್ರಹಿಸಬಲ್ಲನು. 5 ಮೀಟರ್ ಭುಜದ ಚೌಕದ ಕ್ಷೇತ್ರಫಲ 25 ಚದರ ಮೀಟರ್, ಸುತ್ತಳತೆ 20 ಮೀಟರ್. ಅಂದರೆ ಪ್ರತಿ ಚದರ ಮೀಟರಿಗೆ 0.8 ಮೀಟರ್ ಅಂಚು. 1 ಮೀಟರ್ ಭುಜದ ಚೌಕಕ್ಕಾದರೋ ಒಂದು ಚದರ ಮೀಟರಿಗೆ 4 ಮೀಟರ್ ಅಂಚು. ಅಂಚಿನಲ್ಲಿ ತಪ್ಪಾಗುವ ಸಂಭವವು ಐದು ಪಟ್ಟು ಹೆಚ್ಚಾಯಿತು. ಇಷ್ಟು ಚಿಕ್ಕ ಲೆಕ್ಕದಿಂದ ಆಗುವ ಪರಿಣಾಮವೇನು? 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿಯ ಕೊರತೆಯನ್ನು ನಿರ್ಣಯಿಸಲು ಬೆಳೆ ಕಟಾವು ಪ್ರಯೋಗಗಳೇ ಮುಖ್ಯ ಆಧಾರವಾದವು. ಚಿತ್ತಾಪುರ, ಸೇಡಂ, ಚಿಂಚೋಳಿಗಳ ಕರಿಮಣ್ಣಿನ ಮುಖ್ಯ ಬೆಳೆ ತೊಗರಿ. ‘ಗುಲಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಮಳೆ ಕೈಕೊಟ್ಟ ವರ್ಷದಲ್ಲಿ, ಗುರುತಿಸಿದ ತುಣುಕಿನ ಹಗ್ಗವನ್ನು ಒಂದು ಸಾಲಿನಷ್ಟು ಆಚೆ ಎಳೆದರೆ ಅಥವಾ ಚೆನ್ನಾಗಿ ಬೆಳೆದ ಮೂಲೆಯನ್ನೇ ಆರಿಸಿದರೆ, ಇಳುವರಿಯು ಹೆಚ್ಚೆಂದು ದಾಖಲಾಗಿ ಪಂಚಾಯತಿಯ ರೈತರೆಲ್ಲರ ಪರಿಹಾರಕ್ಕೆ ಧಕ್ಕೆ ಒದಗುತ್ತದೆ. ಕಲ್ಕತ್ತೆ-ದಿಲ್ಲಿಗಳಲ್ಲಿ ಇಬ್ಬರು ವಿದ್ವಾಂಸರು ಮಾಡಿದ ವಾದವು ತೊಗರಿ ಬೆಳೆಗಾರನ ಕೈಗೆ ಬರುವ ರೂಪಾಯಿಯಲ್ಲಿ ಹೀಗೆ ಪ್ರತಿಫಲಿಸುತ್ತದೆ.

ನಂಜುಂಡಪ್ಪ ಸಮಿತಿಯ ಅಳತೆಗೋಲು

1956ರ ನವೆಂಬರ್ 1ರಂದು ರಾಜ್ಯವು ಏಕೀಕರಣಗೊಂಡ ಮೇಲೂ ಹಳೆಯ ಹೈದರಾಬಾದ ಭಾಗವು ಶಿಕ್ಷಣ, ಆರೋಗ್ಯ, ನೀರಾವರಿಗಳಲ್ಲಿ ಹಿಂದೆಯೇ ಉಳಿಯಿತೆಂಬ ಕೊರಗು ದಶಕಗಳ ಕಾಲ ಕೇಳಿಬಂದಿತು. ಕೊರಗನ್ನು ಅಂಕಿಗೆ ಇಳಿಸುವ ಕಾರ್ಯವನ್ನು ವ್ಯಾಪಕವಾಗಿ ಮಾಡಿದ್ದು ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ, ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿ. 2000ದಲ್ಲಿ ನೇಮಕಗೊಂಡ ಈ ಸಮಿತಿಯು 2002ರ ಜೂನ್‌ನಲ್ಲಿ ವರದಿಯನ್ನು ಒಪ್ಪಿಸಿತು. ಜಿಲ್ಲೆಯನ್ನು ಬಿಟ್ಟು ತಾಲೂಕನ್ನು ಘಟಕವಾಗಿ ಹಿಡಿದದ್ದು ಅದರ ಹಿರಿಮೆ. ಜಿಲ್ಲಾ ಸರಾಸರಿಯೊಳಗೆ ಮುಳುಗಿಹೋಗಿದ್ದ ತಾಲೂಕುಗಳು ಇದರಿಂದಾಗಿ ಮೇಲಕ್ಕೆ ಬಂದು ಕಾಣಿಸಿಕೊಂಡವು.

ಸಮಿತಿಯು ಕೃಷಿ, ಕೈಗಾರಿಕೆ-ವ್ಯಾಪಾರ-ಹಣಕಾಸು, ಆರ್ಥಿಕ ಸೌಕರ್ಯ, ಸಾಮಾಜಿಕ ಸೌಕರ್ಯ, ಜನಸಂಖ್ಯೆಯ ಲಕ್ಷಣ ಎಂಬ ವಿಭಾಗಗಳಲ್ಲಿ ಒಟ್ಟು 35 ಸೂಚಕಗಳನ್ನು ಆಯ್ದುಕೊಂಡಿತು. ನೀರಾವರಿ, ಬ್ಯಾಂಕು ಶಾಖೆ, ರಸ್ತೆ, ರೈಲು ಹಳಿ, ವೈದ್ಯರು, ಸಾಕ್ಷರತೆ ಮೊದಲಾದವು ಇದರಲ್ಲಿ ಸೇರಿದ್ದವು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ಪ್ರತಿ ತಾಲೂಕಿಗೂ ಒಂದು ಸಮಗ್ರ ಸಂಯುಕ್ತ ಅಭಿವೃದ್ಧಿ ಸೂಚ್ಯಂಕವನ್ನು ಕಟ್ಟಿತು. 0.89ರಿಂದ 0.99ರವರೆಗಿನವು ಹಿಂದುಳಿದ ತಾಲೂಕುಗಳು, 0.80ರಿಂದ 0.88ರವರೆಗಿನವು ಅತಿ ಹಿಂದುಳಿದವು, 0.53ರಿಂದ 0.79ರವರೆಗಿನವು ಅತ್ಯಂತ ಹಿಂದುಳಿದವು. ರಾಜ್ಯದ 175 ತಾಲೂಕುಗಳಲ್ಲಿ 114 ಈ ಮೂರು ವರ್ಗಗಳಿಗೆ ಸೇರಿದವು: 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಆ 39ರ ಪೈಕಿ 21 ತಾಲೂಕುಗಳು ಗುಲಬರ್ಗಾ ವಿಭಾಗದವು. ಸೇಡಂ, ಚಿತ್ತಾಪುರ, ಚಿಂಚೋಳಿಗಳು ಮೂರೂ ಈ ಕಟ್ಟಕಡೆಯ ಪಟ್ಟಿಯಲ್ಲಿಯೇ ಇದ್ದವು.

ಎಂಟು ವರ್ಷಗಳ ಅವಧಿಗೆ 16,000 ಕೋಟಿ ರೂಪಾಯಿಗಳ ಹೆಚ್ಚುವರಿ ಹಣವೂ ಸೇರಿದಂತೆ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿಯು ಶಿಫಾರಸು ಮಾಡಿತು. 2007-08ರಿಂದ ಈ ಯೋಜನೆ ಜಾರಿಗೆ ಬಂದಿತು. ತರುವಾಯ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371 (ಜೆ) ವಿಧಿ ಸೇರ್ಪಡೆಯಾಗಿ, 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ರಚನೆಗೊಂಡಿತು. ಹೈದರಾಬಾದ ಕರ್ನಾಟಕವು 2019ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಮಂಡಳಿಯ ಅನುದಾನವನ್ನು ತಾಲೂಕುಗಳಿಗೆ ಹಂಚುವಾಗಲೂ ನಂಜುಂಡಪ್ಪ ವರದಿಯ ಅಂಕಿಗಳು ಆಧಾರವಾಗಿ ಬಳಕೆಯಾದವು. ಆದುದರಿಂದ ಆ ಸೂಚ್ಯಂಕದ ದಶಾಂಶ ಬಿಂದುವಿನ ಆಚೆಗಿನ ಎರಡು ಅಂಕೆಗಳು ಈ ಭಾಗದ ಮಕ್ಕಳ ಶಾಲಾ ಕೋಣೆಗಳಿಗೂ ಸಂಬಂಧಪಟ್ಟವು ಎಂದರೆ ಅತಿಶಯೋಕ್ತಿಯಾಗದು.

ಅಳತೆಗೋಲನ್ನು ಕುರಿತ ಪ್ರಶ್ನೆಗಳು

ಸಮಿತಿಯ ಕಾರ್ಯವು ಶ್ಲಾಘನೀಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಯಾವ ಅಳತೆಗೋಲೂ ಪ್ರಶ್ನಾತೀತವಲ್ಲ. ಈ ಭಾಗದ ಪರಿಸ್ಥಿತಿಯನ್ನು ಎದುರಿಗಿಟ್ಟುಕೊಂಡು ಐದು ಪ್ರಶ್ನೆಗಳನ್ನು ವಿಚಾರಮಾಡಬಹುದು.

ಮೊದಲನೆಯದು, ಕಾರ್ಖಾನೆಯ ಪ್ರಶ್ನೆ. ಶಹಾಬಾದದಲ್ಲಿ ಸ್ವಾತಂತ್ರ್ಯಪೂರ್ವದಿಂದಲೇ ಸಿಮೆಂಟ್ ತಯಾರಿಕೆ ನಡೆದಿತ್ತು. ವಾಡಿಯಲ್ಲಿ 1968ರಲ್ಲಿ ಎಸಿಸಿ ಕಾರ್ಖಾನೆ ಆರಂಭವಾಯಿತು. ಸೇಡಂ ಹಾಗೂ ಮಳಖೇಡಗಳಲ್ಲಿಯೂ ದೊಡ್ಡ ಸಿಮೆಂಟ್ ಕಾರ್ಖಾನೆಗಳು ತಲೆ ಎತ್ತಿದವು. ಜಿಲ್ಲೆಯ ಉತ್ಪನ್ನವನ್ನು ಲೆಕ್ಕ ಹಾಕುವಾಗ ಸರಕು ಎಲ್ಲಿ ತಯಾರಾಯಿತೋ ಅಲ್ಲಿಯೇ ಅದರ ಮೌಲ್ಯವನ್ನು ಜಮಾ ಮಾಡುವುದು ರೂಢಿ. ಸುಣ್ಣಕಲ್ಲು ಇಲ್ಲಿಯದು, ಧೂಳು ಇಲ್ಲಿಯದು, ಉತ್ಪನ್ನದ ಅಂಕಿಯೂ ಇಲ್ಲಿಯದೇ. ಆದರೆ ಲಾಭದ ಪಾಲು ದೂರದ ನಗರಗಳ ಷೇರುದಾರರಿಗೆ ಸಲ್ಲುತ್ತದೆ. ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹತ್ತು ಮನೆಗಳ ಒಂದು ಊರಿನಲ್ಲಿ ಒಂಬತ್ತು ಮನೆಗಳ ತಿಂಗಳ ಆದಾಯ ತಲಾ 10,000 ರೂಪಾಯಿ, ಹತ್ತನೆಯದರದು 1,10,000. ಸರಾಸರಿ 20,000 ರೂಪಾಯಿ. ಊರಿನ ಯಾವ ಮನೆಯಲ್ಲಿಯೂ ಇಪ್ಪತ್ತು ಸಾವಿರವಿಲ್ಲ. ಆದಾಯಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ, ಅಂದರೆ ಮಧ್ಯಾಂಕವನ್ನು ಕಂಡುಹಿಡಿದರೆ, 10,000 ದೊರೆಯುತ್ತದೆ. ಕಾರ್ಖಾನೆಯ ಚಿಮಣಿಯೊಂದು ತಾಲೂಕಿನ ತಲಾ ಉತ್ಪನ್ನವನ್ನು ಮೇಲೆತ್ತುವ ಬಗೆಯೂ ಇದೇ. ಇಷ್ಟು ಕಾರ್ಖಾನೆಗಳಿದ್ದರೂ ಚಿತ್ತಾಪುರ-ಸೇಡಂಗಳು ಕೊನೆಯ ಪಟ್ಟಿಯಲ್ಲಿಯೇ ಉಳಿದುವೆಂಬುದು, ಉಳಿದ ಸೂಚಕಗಳಲ್ಲಿ ಕೊರತೆ ಎಷ್ಟು ಆಳವಾಗಿತ್ತು ಎಂಬುದನ್ನು ಸಾರುತ್ತದೆ.

ಎರಡನೆಯದು, ತೂಕದ ಪ್ರಶ್ನೆ. 35 ಸೂಚಕಗಳನ್ನು ಒಂದು ಅಂಕಿಯಾಗಿ ಕೂಡಿಸುವಾಗ ಯಾವುದಕ್ಕೆ ಎಷ್ಟು ಪ್ರಾಧಾನ್ಯ ಕೊಡಬೇಕು? ಸಿಕಂದರಾಬಾದಿನಿಂದ ವಾಡಿಗೆ ರೈಲು ಮಾರ್ಗ ತೆರೆದದ್ದು 1874ರಲ್ಲಿ. ಮುಂಬಯಿ-ಚೆನ್ನೈ ಮಾರ್ಗವನ್ನು ಅದು ವಾಡಿಯಲ್ಲಿ ಕೂಡುವುದರಿಂದ ಆ ಊರು ಜಂಕ್ಷನ್ ಆಯಿತು. ಶಹಾಬಾದ, ಚಿತ್ತಾಪುರ, ಸೇಡಂಗಳಲ್ಲಿಯೂ ನಿಲ್ದಾಣಗಳಿವೆ. ಚಿಂಚೋಳಿ ಪಟ್ಟಣಕ್ಕೆ ರೈಲಿಲ್ಲ. ಕಲ್ಪನೆಗೆ ಒಂದು ತಾಲೂಕಿನಲ್ಲಿ ರೈಲು ಹಳಿಯು ರಾಜ್ಯದ ಸರಾಸರಿಯ 2 ಪಟ್ಟು, ಸಾಕ್ಷರತೆ 0.7, ವೈದ್ಯರ ಪ್ರಮಾಣ 0.6 ಇದೆಯೆಂದು ತಿಳಿಯೋಣ. ಮೂರಕ್ಕೂ ಸಮಾನ ತೂಕ ಕೊಟ್ಟರೆ ಸೂಚ್ಯಂಕ 1.1, ತಾಲೂಕು ಮುಂದುವರಿದದ್ದೆನಿಸಿತು. ಸಾಕ್ಷರತೆಗೂ ವೈದ್ಯರಿಗೂ ರೈಲಿನ ಎರಡರಷ್ಟು ತೂಕ ಕೊಟ್ಟರೆ ಸೂಚ್ಯಂಕ 0.92, ಅದೇ ತಾಲೂಕು ಹಿಂದುಳಿದದ್ದಾಯಿತು. ಹಳಿಯ ಮೇಲೆ ಓಡುವ ರೈಲು ಊರಿನಲ್ಲಿ ನಿಲ್ಲದೆ ಹೋದರೂ ಹಳಿಯ ಉದ್ದ ಲೆಕ್ಕಕ್ಕೆ ಬರುತ್ತದೆ. ನಂಜುಂಡಪ್ಪ ಸಮಿತಿಯು ತೂಕಗಳನ್ನು ಮನಸ್ಸಿಗೆ ಬಂದಂತೆ ಇಡದೆ ಸಂಖ್ಯಾಶಾಸ್ತ್ರದ ವಿಧಾನದಿಂದಲೇ ಪಡೆಯಿತು. ಆದರೆ ಸೂಚಕಗಳು ಒಂದರೊಡನೊಂದು ಹೇಗೆ ಏರಿಳಿಯುತ್ತವೆ ಎಂಬುದನ್ನು ಮಾತ್ರ ಅಂಥ ವಿಧಾನ ಬಲ್ಲದು. ವೈದ್ಯನಿಲ್ಲದ ಊರಿನ ಬಾಣಂತಿಗೆ ಯಾವುದು ಮುಖ್ಯವೆಂಬುದನ್ನು ಅದು ಅರಿಯದು. ಅರ್ಥಶಾಸ್ತ್ರಜ್ಞನೂ ಸಂಖ್ಯಾಶಾಸ್ತ್ರಜ್ಞನೂ ಪರಸ್ಪರ ಮಾತನಾಡಲೇಬೇಕಾದ ಸ್ಥಳ ಇದು.

ಮೂರನೆಯದು, ಒಂದೇ ಅಂಕಿ ಸಾಕೇ ಎಂಬ ಪ್ರಶ್ನೆ. ನೆರೆಯ ಮಹಾರಾಷ್ಟ್ರದಲ್ಲಿ ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರರ ಅಧ್ಯಕ್ಷತೆಯ ಸತ್ಯಶೋಧನ ಸಮಿತಿಯು 1984ರಲ್ಲಿ ಬೇರೊಂದು ಹಾದಿ ಹಿಡಿದಿತ್ತು. ರಸ್ತೆ, ನೀರಾವರಿ, ಶಿಕ್ಷಣ, ಆರೋಗ್ಯ ಮುಂತಾದ ಒಂದೊಂದು ಕ್ಷೇತ್ರದಲ್ಲಿಯೂ ರಾಜ್ಯದ ಸರಾಸರಿಗಿಂತ ಜಿಲ್ಲೆಯು ಎಷ್ಟು ಹಿಂದಿದೆಯೆಂದು ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಅದನ್ನು ಬಾಕಿ ಎಂದು ಕರೆಯಿತು. ಈ ಕ್ರಮದಲ್ಲಿ ರೈಲಿನ ಹೆಚ್ಚಳವು ವೈದ್ಯರ ಕೊರತೆಯನ್ನು ಮುಚ್ಚಲಾರದು. ಆದರೆ ಯಾವ ತಾಲೂಕಿಗೆ ಮೊದಲು ಹಣವೆಂದು ನಿರ್ಧರಿಸಲು ಸಂಯುಕ್ತ ಸೂಚ್ಯಂಕದಷ್ಟು ಸುಲಭವಾದ ಸಾಧನ ಇನ್ನೊಂದಿಲ್ಲ. ಯಾವ ತಾಲೂಕಿಗೆ ಎಂಬುದಕ್ಕೆ ಸೂಚ್ಯಂಕ, ಯಾವ ಕೆಲಸಕ್ಕೆ ಎಂಬುದಕ್ಕೆ ಬಾಕಿಯ ಲೆಕ್ಕ — ಹೀಗೆ ಎರಡನ್ನೂ ಕೂಡಿಸಿ ಬಳಸುವುದು ವಿವೇಕವೆಂದು ತೋರುತ್ತದೆ.

ನಾಲ್ಕನೆಯದು, ಗಡಿಯ ಪ್ರಶ್ನೆ. 2002ರ ವರದಿಯಲ್ಲಿ ಶಹಾಬಾದ ಎಂಬ ತಾಲೂಕಿಲ್ಲ. ಅದು ಆಗ ಚಿತ್ತಾಪುರದ ಭಾಗ. 2017-18ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲೂಕುಗಳಲ್ಲಿ ಶಹಾಬಾದ, ಕಾಳಗಿಗಳೂ ಸೇರಿದ್ದವು. ಅದಕ್ಕೂ ಮೊದಲು, 2009ರ ಡಿಸೆಂಬರಿನಲ್ಲಿ, ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಗಿತ್ತು. ಗಡಿ ಬದಲಾದಾಗ ಅಂಕಿಗಳು ಹೇಗೆ ಮೋಸ ಮಾಡುತ್ತವೆ ಎಂಬುದಕ್ಕೆ ಮತ್ತೊಂದು ಕಲ್ಪಿತ ಲೆಕ್ಕ: ಒಂದು ತಾಲೂಕಿನ ಪಟ್ಟಣದಲ್ಲಿ 1,00,000 ಜನ, ಸಾಕ್ಷರತೆ ಶೇಕಡಾ 80, ಹಳ್ಳಿಗಳಲ್ಲಿ 2,00,000 ಜನ, ಸಾಕ್ಷರತೆ ಶೇಕಡಾ 56. ಇಡೀ ತಾಲೂಕಿನ ಸಾಕ್ಷರತೆ ಶೇಕಡಾ 64. ಪಟ್ಟಣವು ಬೇರೆ ತಾಲೂಕಾದ ಮರುದಿನವೇ ಹಳೆಯ ತಾಲೂಕಿನ ಸಾಕ್ಷರತೆ 64ರಿಂದ 56ಕ್ಕೆ ಇಳಿಯಿತು. ಓದು ಬಲ್ಲವರಾರೂ ರಾತ್ರಿ ಬೆಳಗಾಗುವುದರೊಳಗೆ ಅಕ್ಷರ ಮರೆಯಲಿಲ್ಲ. ಗಡಿಕಲ್ಲು ಮಾತ್ರ ಸರಿಯಿತು. ಹಳೆಯ ಮತ್ತು ಹೊಸ ವರದಿಗಳನ್ನು ಹೋಲಿಸುವವರು ಮೊದಲು ನಕಾಶೆಗಳನ್ನು ಹೋಲಿಸತಕ್ಕದ್ದು. ಹೊಸ ಗಡಿಯಿಂದ ಒಂದು ಲಾಭವೂ ಉಂಟು: ಪಟ್ಟಣದ ನೆರಳಿನಲ್ಲಿ ಮರೆಯಾಗಿದ್ದ ಹಳ್ಳಿಗಳ ನಿಜಸ್ಥಿತಿ ಬೆಳಕಿಗೆ ಬರುತ್ತದೆ.

ಐದನೆಯದು, ಎಣಿಕೆಗೆ ಸಿಕ್ಕದವರ ಪ್ರಶ್ನೆ. 2011ರ ಜನಗಣತಿಯ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ತೊಗರಿಯ ಸುಗ್ಗಿ ಮುಗಿದು, ಚಿಂಚೋಳಿಯ ತಾಂಡಾಗಳಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಕೂಲಿಗಾಗಿ ಜನ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೊರಡುವ ಕಾಲ ಅದು. ಹೋದಲ್ಲಿ ಎಣಿಕೆಯಾದರೆ ಅವರು ಆ ಊರಿನ ಲೆಕ್ಕಕ್ಕೆ ಸೇರುತ್ತಾರೆ. ಕಟ್ಟಡ ಕೆಲಸದ ಗುಡಿಸಲಲ್ಲಿ ತಪ್ಪಿಹೋದರೆ ಎಲ್ಲಿಯೂ ಸೇರುವುದಿಲ್ಲ. ಅವರೊಂದಿಗೆ ಹೋದ ಮಗುವು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಇದೆ, ತರಗತಿಯಲ್ಲಿ ಇಲ್ಲ. ಅಭಿವೃದ್ಧಿಯ ಹಣ ಯಾರಿಗಾಗಿ ಹೆಚ್ಚು ಅಗತ್ಯವೋ ಅವರೇ ಅಂಕಿಯಿಂದ ಹೊರಗುಳಿಯುವ ಈ ವಿಪರ್ಯಾಸವನ್ನು ಯಾವ ಸೂಕ್ಷ್ಮ ಗಣಿತವೂ ಸರಿಪಡಿಸಲಾರದು. ಅದು ಸರಿಯಾಗಬೇಕಾದದ್ದು ಮನೆಬಾಗಿಲಲ್ಲಿ, ಕೇಳುವವನ ಶ್ರದ್ಧೆಯಿಂದ.

ಶಾಲೆಯ ಪಾತ್ರ

ಕರ್ನಾಟಕದ ಎರಡನೆಯ ಮಾನವ ಅಭಿವೃದ್ಧಿ ವರದಿಯು 2005ರಲ್ಲಿ ಪ್ರಕಟವಾದಾಗ, 2001ರ ಅಂಕಿಗಳ ಪ್ರಕಾರ 27 ಜಿಲ್ಲೆಗಳಲ್ಲಿ ಗುಲಬರ್ಗಾದ ಸ್ಥಾನ 26ನೆಯದು. ಅದರ ಸೂಚ್ಯಂಕ 0.564, ರಾಜ್ಯದ್ದು 0.650. ಹತ್ತು ವರ್ಷಗಳ ಬಳಿಕ, 2011ರ ಜನಗಣತಿಯಲ್ಲಿ, ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದರೆ ಗುಲಬರ್ಗಾ ಜಿಲ್ಲೆಯದು ಶೇಕಡಾ 64.85. ಈ ಅಂತರವನ್ನು ತುಂಬಬೇಕಾದದ್ದು ಮುಖ್ಯವಾಗಿ ಶಾಲೆಗಳು. ಅಂತರ ಎಷ್ಟೆಂದು ಅಳೆಯುವುದರಲ್ಲಿಯೂ ಶಾಲೆಗಳ ಪಾಲು ಕಡಿಮೆಯದಲ್ಲ. ಜನಗಣತಿಯ ಗಣತಿದಾರರಲ್ಲಿ ಬಹುಮಂದಿ ಶಿಕ್ಷಕರು. ಶಾಲೆ ಬಿಟ್ಟ ಮಕ್ಕಳ ಪಟ್ಟಿ, ಹಾಜರಿ, ದಾಖಲಾತಿ ಮೊದಲಾದ ಅಂಕಿಗಳೂ ಶಿಕ್ಷಕನ ಲೇಖನಿಯಿಂದಲೇ ಹೊರಡುತ್ತವೆ. ನಂಜುಂಡಪ್ಪ ಸಮಿತಿಯ 35 ಸೂಚಕಗಳಲ್ಲಿ ಸಾಕ್ಷರತೆ, ಶಿಕ್ಷಕ-ವಿದ್ಯಾರ್ಥಿ ಪ್ರಮಾಣ, ಶಾಲೆಯ ಹೊರಗಿರುವ ಮಕ್ಕಳ ಪ್ರಮಾಣಗಳು ಸೇರಿದ್ದವೆಂಬುದನ್ನು ನೆನೆದರೆ, ಒಬ್ಬ ಶಿಕ್ಷಕನು ತುಂಬುವ ನಮೂನೆಯ ಬೆಲೆ ಅರಿವಾಗುತ್ತದೆ. ಶಾಲೆಯ ಕೀರ್ತಿಗೆ ಕುಂದು ಬಾರದಿರಲೆಂದು ಹೊರಗಿರುವ ಮಕ್ಕಳ ಸಂಖ್ಯೆಯನ್ನು ಕಡಿಮೆ ತೋರಿಸಿದರೆ ತಾಲೂಕಿನ ಕೊರತೆಯೂ ಕಡಿಮೆಯಾಗಿ ಕಾಣುತ್ತದೆ. ನಷ್ಟವಾಗುವುದು ಅದೇ ಮಕ್ಕಳಿಗೆ.

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಮುಂದಕ್ಕೆ ಹೋಗಿ, 2027ರ ಮಾರ್ಚ್ 1ನ್ನು ಉಲ್ಲೇಖ ದಿನವೆಂದು ಗೊತ್ತುಪಡಿಸಲಾಯಿತು. ಪ್ರಾದೇಶಿಕ ಅಸಮತೋಲನವನ್ನು ಹೊಸದಾಗಿ ಅಧ್ಯಯನ ಮಾಡಲು 2024ರಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಸರಕಾರವು ಸಮಿತಿಯೊಂದನ್ನು ನೇಮಿಸಿತು. ಅಂದರೆ ಹಳೆಯ ಅಳತೆಗೋಲು ಮರುಪರಿಶೀಲನೆಗೆ ಒಳಗಾಗುವ ಕಾಲ ಬಂದಿದೆ. ಇಂಥ ಸಂದರ್ಭದಲ್ಲಿ ಚರ್ಚೆಯು ರಾಜಧಾನಿಯ ತಜ್ಞರಿಗೆ ಮಾತ್ರ ಮೀಸಲಾಗಬಾರದು. ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದಿಂದ ಪ್ರಕಟವಾಗುವ ‘ಜಿಲ್ಲಾ ಅಂಕಿ-ಅಂಶಗಳ ನೋಟ’ದಂಥ ಪುಸ್ತಕವು ಪ್ರತಿ ಪ್ರೌಢಶಾಲೆಯ ಗ್ರಂಥಾಲಯದಲ್ಲಿ ಇರಬೇಕು. ಗಣಿತದ ಶಿಕ್ಷಕನೂ ಸಮಾಜ ವಿಜ್ಞಾನದ ಶಿಕ್ಷಕನೂ ಅದನ್ನು ಒಂದೇ ಮೇಜಿನ ಮೇಲೆ ತೆರೆದಿಟ್ಟು, ಒಬ್ಬನು ಸರಾಸರಿ ತೆಗೆಯಿಸಿದರೆ ಇನ್ನೊಬ್ಬನು ಅದರ ಅರ್ಥ ಕೇಳಬೇಕು. ವಿದ್ಯಾರ್ಥಿಗಳು ತಮ್ಮ ಊರಿನ ಇಪ್ಪತ್ತು ಮನೆಗಳಲ್ಲಿ ನೀರು ತರಲು ನಡೆಯಬೇಕಾದ ದೂರವನ್ನು ಅಳೆದು, ಸರಾಸರಿಯನ್ನೂ ಮಧ್ಯಾಂಕವನ್ನೂ ಅತಿ ದೂರದ ಮನೆಯನ್ನೂ ಬರೆದಿಟ್ಟರೆ, ಮಹಾವೀರಾಚಾರ್ಯನ ಸಮೀಕರಣವೂ ಅದರ ಮಿತಿಯೂ ಒಟ್ಟಿಗೆ ತಿಳಿಯುತ್ತವೆ. ಇದಕ್ಕೆ ಹೆಚ್ಚಿನ ವೆಚ್ಚ ಬೇಕಿಲ್ಲ. ದಾನಿಗಳು ಒಂದು ಕಪಾಟು ಅಂಕಿ-ಅಂಶಗಳ ಪುಸ್ತಕಗಳನ್ನು ಒದಗಿಸಿದರೆ, ಹಳೆಯ ವಿದ್ಯಾರ್ಥಿಗಳಲ್ಲಿ ಬ್ಯಾಂಕು, ಇಲಾಖೆ, ವಿಶ್ವವಿದ್ಯಾಲಯಗಳಲ್ಲಿರುವವರು ವರ್ಷಕ್ಕೊಮ್ಮೆ ಬಂದು ಮಕ್ಕಳೊಡನೆ ಆ ಅಂಕಿಗಳನ್ನು ಕುರಿತು ಮಾತನಾಡಿದರೆ ಸಾಕು.

ಅಂಕಿಗೆ ತನ್ನಷ್ಟಕ್ಕೆ ತಾನೇ ಪ್ರಾಮಾಣ್ಯವಿಲ್ಲ. ಯಾರು ಅಳೆದರು, ಯಾವುದನ್ನು ಬಿಟ್ಟರು, ಯಾವ ಪ್ರಶ್ನೆಗಾಗಿ ಅಳೆದರು ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾದ ಅಂಕಿಗೆ ಮಾತ್ರ ನಂಬಿಕೆ ಸಲ್ಲುತ್ತದೆ. ಮಹಲನೋಬಿಸ್-ಸುಖಾತ್ಮೆಯವರ ವಾದದಿಂದ ಇಳುವರಿಯ ಅಳತೆಯು ಹದಗೊಂಡಿತು. ನಂಜುಂಡಪ್ಪನವರ ವರದಿಯಿಂದ ಚಿಂಚೋಳಿಯ ಕೊರತೆಯು ಸರಕಾರದ ಕಡತದಲ್ಲಿ ಕಾಣಿಸಿಕೊಂಡಿತು. ಮುಂದಿನ ಗಣತಿಯಲ್ಲಿ ವಾಡಿಯ ಕಾರ್ಮಿಕನ ಮನೆ, ಶಹಾಬಾದದ ಕಲ್ಲುಗಣಿಯ ಕೂಲಿಕಾರನ ಗುಡಿಸಲು, ವಲಸೆ ಹೋದ ತಾಂಡಾದ ಮುಚ್ಚಿದ ಬಾಗಿಲು ಇವೆಲ್ಲವೂ ಸರಿಯಾಗಿ ದಾಖಲಾಗಬೇಕಾದರೆ, ನಮೂನೆಯನ್ನು ಹಿಡಿದು ಹೋಗುವ ಶಿಕ್ಷಕನು ಒಮ್ಮೆ ಬಾಗಿಲು ಮುಚ್ಚಿತ್ತೆಂದು ಹಿಂದಿರುಗದೆ ಎರಡನೆಯ ಸಲವೂ ಹೋಗಿ ತಟ್ಟಬೇಕು. ತಾಲೂಕಿನ ಸೂಚ್ಯಂಕವು ಸತ್ಯಕ್ಕೆ ಹತ್ತಿರವಾಗುವುದು ಆ ಎರಡನೆಯ ಭೇಟಿಯಿಂದಲೇ.